ಕಾಯಿಸಿದ ಹಾಲು, ರಾಬರ್ಟ್ ಕಾಕ್ ಮತ್ತು ನಮ್ಮ ಗೌರಿ

ಕಳೆದ ದಸರಾ ರಜೆಗೆ ಅಮ್ಮ ತಿಪಟೂರಿನಿಂದ ಪುಣೆಗೆ ಬಂದಿದ್ದಾಗ ನಮ್ಮ ಮನೆಯಲ್ಲಿ ಹಾಲಿನ ವಿಷಯಕ್ಕೆ ಸಣ್ಣದೊಂದು ಜಟಾಪಟಿ ನಡೆಯಿತು. ನಮ್ಮ ಅಪಾರ್ಟ್‌ಮೆಂಟಿನ ಕೆಲವು ಮನೆಗಳಿಗೆ ಊರಾಚೆಯ ಫಾರಂ ಒಂದರಿಂದ ಗಾಜಿನ ಬಾಟಲಿಯಲ್ಲಿ ಹಸಿ ಹಾಲು ಬರುತ್ತದೆ. ಕಾಯಿಸಿದರೆ ಸತ್ವವೆಲ್ಲ ಹೋಗುತ್ತದೆ, ಕರೆದ ಹಾಲನ್ನು ಹಾಗೇ ಕುಡಿಯಬೇಕು ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೊಂದು ಸಂದೇಶ. ನಾಲ್ಕು ವರ್ಷದ ಮಗಳಿಗೆ ಒಳ್ಳೆಯದಾಗಲಿ ಎಂದು ನಾನೂ ತರಿಸಿದ್ದೆ. ಅಮ್ಮ ವಾದಕ್ಕೇ ಬರಲಿಲ್ಲ. ಬಾಟಲಿಯನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ಮೂರು ಸಲ ಉಕ್ಕು ಬಂದ ಮೇಲೆಯೇ ಆರಿಸಿ ಮೊಮ್ಮಗಳಿಗೆ ಕೊಟ್ಟಳು. ಯಾಕಮ್ಮ ಎಂದು ಕೇಳಿದ್ದಕ್ಕೆ, ನಮ್ಮ ಗೌರಿಯನ್ನು ಮರೆತೆಯಾ ಎಂದಷ್ಟೇ ಹೇಳಿದಳು.

ಗೌರಿ ನಮ್ಮ ಮನೆಯಲ್ಲಿದ್ದ ಹಸು. ಅವಳ ಕಥೆಗೆ ಆಮೇಲೆ ಬರುತ್ತೇನೆ. ಅವಳಿಗೆ ಬಂದಿದ್ದ ಕಾಯಿಲೆಯ ಬಗ್ಗೆ ಆ ರಾತ್ರಿ ಓದಲು ಕುಳಿತಾಗ ಎದುರಾದವನು ರಾಬರ್ಟ್ ಕಾಕ್. ಶಾಲೆಯಲ್ಲಿ ನಾವು ಆತನನ್ನು ಕೋಚ್ ಎಂದು ಓದಿದ್ದೆವು. ಕ್ಷಯದ ರೋಗಾಣು ಕಂಡುಹಿಡಿದವನು, ನೊಬೆಲ್ ಪಡೆದವನು. ಒಂದು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಆತನ ಸಂಶೋಧನೆ ಶುರುವಾದದ್ದೇ ದನ ಕುರಿಗಳ ಕಾಯಿಲೆಯಿಂದ ಎಂಬುದಾಗಲಿ, ಆತ ದೊಡ್ಡದಾಗಿ ಎಡವಿದ್ದು ಹಸುವಿನ ಹಾಲಿನ ವಿಷಯದಲ್ಲಿ ಎಂಬುದಾಗಲಿ ನನಗೆ ಗೊತ್ತಿರಲಿಲ್ಲ.

ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನ ಕ್ಲೌಸ್ತಾಲ್ ಎಂಬ ಗಣಿ ಊರಿನಲ್ಲಿ. ತಂದೆ ಗಣಿ ಅಧಿಕಾರಿ, ಮನೆ ತುಂಬ ಮಕ್ಕಳು. ಐದನೇ ವಯಸ್ಸಿಗೇ ದಿನಪತ್ರಿಕೆ ನೋಡಿ ನೋಡಿ ತಾನಾಗಿಯೇ ಓದುವುದನ್ನು ಕಲಿತಿದ್ದನಂತೆ. ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1866ರಲ್ಲಿ ಪದವಿ ಪಡೆದ. ಅಲ್ಲಿ ಆತನ ಗುರುಗಳಲ್ಲೊಬ್ಬ ಯಾಕೋಬ್ ಹೆನ್ಲೆ. ಸಾಂಕ್ರಾಮಿಕ ರೋಗಗಳಿಗೆ ಜೀವವಿರುವ ಸೂಕ್ಷ್ಮಾಣುಗಳೇ ಕಾರಣ ಎಂದು 1840ರಲ್ಲೇ ಬರೆದಿದ್ದವನು ಹೆನ್ಲೆ. ಆದರೆ ಅದನ್ನು ತೋರಿಸಿಕೊಡುವ ದಾರಿ ಆಗ ಯಾರಿಗೂ ತಿಳಿದಿರಲಿಲ್ಲ.

ಫ್ರಾನ್ಸ್ ಜೊತೆಗಿನ ಯುದ್ಧದಲ್ಲಿ ಸೇನೆಯ ವೈದ್ಯನಾಗಿ ದುಡಿದು ಬಂದ ಕಾಕ್, 1872ರಲ್ಲಿ ವೋಲ್‌ಸ್ಟೈನ್ ಎಂಬ ಪುಟ್ಟ ಊರಿಗೆ ಜಿಲ್ಲಾ ವೈದ್ಯಾಧಿಕಾರಿಯಾಗಿ ಹೋದ. ಇಂದು ಅದು ಪೋಲೆಂಡಿನಲ್ಲಿದೆ. ಹಗಲು ರೋಗಿಗಳು, ಲಸಿಕೆ, ಶವ ಪರೀಕ್ಷೆ. ಬಿಡುವು ಸಿಕ್ಕಾಗ ಹೆಂಡತಿ ಎಮ್ಮಿ ಕೊಡಿಸಿದ್ದ ಸೂಕ್ಷ್ಮದರ್ಶಕ. ಪ್ರಯೋಗಾಲಯ ಎಂದರೆ ಇದ್ದ ಮನೆಯೇ.

ಆ ಸೀಮೆಯ ರೈತರನ್ನು ಆಗ ಕಾಡುತ್ತಿದ್ದದ್ದು ಆಂಥ್ರಾಕ್ಸ್, ನಮ್ಮ ಕಡೆ ನೆರಡಿ ರೋಗ ಎನ್ನುವ ಕಾಯಿಲೆ. ಬೆಳಿಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಸತ್ತು ಬಿದ್ದಿರುತ್ತಿತ್ತು. ಸತ್ತ ಪ್ರಾಣಿಯ ರಕ್ತದಲ್ಲಿ ಕಡ್ಡಿಯಾಕಾರದ ಸೂಕ್ಷ್ಮಾಣುಗಳಿರುವುದನ್ನು ಬೇರೆಯವರು ಮೊದಲೇ ನೋಡಿದ್ದರು. ಆದರೆ ಅವು ರೋಗದ ಕಾರಣವೋ, ರೋಗದ ನಂತರ ಬಂದವೋ? ಕಾಕ್ ಮರದ ಸಣ್ಣ ಚೂರುಗಳನ್ನು ಶುದ್ಧ ಮಾಡಿ, ಸತ್ತ ಪ್ರಾಣಿಯ ಗುಲ್ಮದ ರಕ್ತ ಹಚ್ಚಿ ಇಲಿಗಳಿಗೆ ಚುಚ್ಚಿದ. ಇಲಿಗಳು ಸತ್ತವು. ಎತ್ತಿನ ಕಣ್ಣೊಳಗಿನ ತಿಳಿದ್ರವದಲ್ಲಿ ಆ ಕಡ್ಡಿಗಳನ್ನು ಬೆಳೆಸಿದ. ಒಂದು ಹನಿಯಿಂದ ಮತ್ತೊಂದಕ್ಕೆ ದಾಟಿಸುತ್ತ ಹೋದ ಮೇಲೂ ಅವು ಇಲಿಗಳನ್ನು ಕೊಂದವು. ವಾತಾವರಣ ಪ್ರತಿಕೂಲವಾದಾಗ ಅವು ಗಟ್ಟಿ ಬೀಜಾಣುಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ ಎಂಬುದನ್ನೂ ಕಂಡ. ಒಮ್ಮೆ ಕುರಿ ಸತ್ತ ಗೋಮಾಳದಲ್ಲಿ ಎಷ್ಟೋ ವರ್ಷದ ಮೇಲೆ ಮತ್ತೆ ಕುರಿ ಯಾಕೆ ಸಾಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತು. 1876ರಲ್ಲಿ ಬ್ರೆಸ್ಲಾವ್‌ಗೆ ಹೋಗಿ ಸಸ್ಯವಿಜ್ಞಾನಿ ಫರ್ಡಿನೆಂಡ್ ಕೋನ್ ಎದುರು ಎಲ್ಲವನ್ನೂ ಮಾಡಿ ತೋರಿಸಿದ. ಹಳ್ಳಿ ಡಾಕ್ಟರ ಯುರೋಪಿಗೆ ಪರಿಚಯವಾದದ್ದು ಹಾಗೆ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಬಗ್ ಇದೆ ಎಂದರೆ ಸಾಲದು, ಅದನ್ನು ಮತ್ತೆ ಉಂಟುಮಾಡಿ ತೋರಿಸಬೇಕು. ರೋಗದ ವಿಷಯದಲ್ಲಿ ಆ ಶಿಸ್ತು ತಂದವರಲ್ಲಿ ಕಾಕ್ ಮೊದಲ ಸಾಲಿನವನು. ರೋಗವಿರುವಲ್ಲೆಲ್ಲ ಸೂಕ್ಷ್ಮಾಣು ಸಿಗಬೇಕು, ಅದನ್ನು ಬೇರ್ಪಡಿಸಿ ಬೆಳೆಸಬೇಕು, ಬೆಳೆಸಿದ್ದನ್ನು ಆರೋಗ್ಯವಂತ ಪ್ರಾಣಿಗೆ ಕೊಟ್ಟಾಗ ಅದೇ ರೋಗ ಬರಬೇಕು. ಇಂದಿಗೂ ಇವು ಆತನ ಹೆಸರಿನಲ್ಲೇ ಇರುವ ಸೂತ್ರಗಳು.

1880ರಲ್ಲಿ ಬರ್ಲಿನ್‌ನ ಸರ್ಕಾರಿ ಆರೋಗ್ಯ ಕಚೇರಿಗೆ ಕರೆ ಬಂತು. ಎರಡೇ ವರ್ಷದಲ್ಲಿ, 1882ರ ಮಾರ್ಚ್ 24ರ ಸಂಜೆ, ಕ್ಷಯದ ರೋಗಾಣುವನ್ನು ಬೆಳೆಸಿ ತೋರಿಸಿದ. ಅದೇ ದಿನವನ್ನು ಇಂದು ನಾವು ವಿಶ್ವ ಕ್ಷಯರೋಗ ದಿನ ಎನ್ನುತ್ತೇವೆ. ಸಾಯುವ ಏಳು ಜನರಲ್ಲಿ ಒಬ್ಬರನ್ನು ಒಯ್ಯುತ್ತಿದ್ದ ಕಾಯಿಲೆ ಅದು. ರೋಗಾಣುವೋ ಮಹಾ ಮಂದಗತಿಯದು. ಬೇರೆ ಸೂಕ್ಷ್ಮಾಣುಗಳು ಒಂದು ದಿನದಲ್ಲಿ ಬೆಳೆದರೆ ಇದು ಕಣ್ಣಿಗೆ ಕಾಣಲು ಎರಡು ವಾರ ಬೇಕು. ಬೇರೆಯವರು ಬೆಳೆಯಲಿಲ್ಲ ಎಂದು ಎಸೆಯುತ್ತಿದ್ದ ಹೊತ್ತಿಗೆ ಕಾಕ್ ಕಾದು ಕುಳಿತಿದ್ದ.

ಅಂದಿನ ಪ್ರಬಂಧದಲ್ಲೇ ಆತ ದನಗಳ ಬಗ್ಗೆಯೂ ಬರೆದಿದ್ದ. ಕ್ಷಯ ಬಂದ ಹಸುವಿನ ಎದೆಗೂಡಿನ ಒಳಪದರದಲ್ಲಿ ಮುತ್ತು ಪೋಣಿಸಿದಂತೆ ಗಂಟುಗಳೇಳುತ್ತವೆ. ಅದಕ್ಕೇ ಜರ್ಮನ್ ರೈತರು ಅದನ್ನು ಮುತ್ತಿನ ರೋಗ ಎನ್ನುತ್ತಿದ್ದರು. ಆ ಗಂಟುಗಳಲ್ಲೂ ಕಾಕ್‌ಗೆ ಅದೇ ರೋಗಾಣು ಕಂಡಿತು. ಹಾಗಾಗಿ ಎರಡೂ ಒಂದೇ ರೋಗ, ಅಂಥ ಹಸುವಿನ ಹಾಲು, ಮಾಂಸದಿಂದ ಮನುಷ್ಯರಿಗೆ ಅಪಾಯವಿದೆ ಎಂದು ಎಚ್ಚರಿಸಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಹತ್ತೊಂಬತ್ತು ವರ್ಷಗಳ ನಂತರ ಇದನ್ನು ಅಲ್ಲಗಳೆದವನೂ ಆತನೇ.

ನಡುವೆ ಒಂದು ದೊಡ್ಡ ಮುಖಭಂಗವೂ ಆಯಿತು. 1890ರಲ್ಲಿ ಬರ್ಲಿನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ, ಕ್ಷಯವನ್ನು ತಡೆಯಬಲ್ಲ ವಸ್ತು ತನಗೆ ಸಿಕ್ಕಿದೆ ಎಂದು ಕಾಕ್ ಸೂಚಿಸಿದ. ಟ್ಯುಬರ್ಕ್ಯುಲಿನ್ ಎಂದು ಹೆಸರಾದ ಅದು ಏನು ಎಂಬುದನ್ನು ಗುಟ್ಟಾಗಿಟ್ಟ. ರೋಗಿಗಳು ಬರ್ಲಿನ್‌ಗೆ ಮುಗಿಬಿದ್ದರು. ಷರ್ಲಾಕ್ ಹೋಮ್ಸ್ ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಸ್ವತಃ ವೈದ್ಯ. ಆತನೂ ನೋಡಲು ಹೋಗಿ ಅನುಮಾನ ಹೊತ್ತು ಮರಳಿದ. ಕೆಲವೇ ತಿಂಗಳಲ್ಲಿ ಸತ್ಯ ಹೊರಬಿತ್ತು. ಮದ್ದು ಚುಚ್ಚಿಸಿಕೊಂಡವರಲ್ಲಿ ಹಲವರ ಸ್ಥಿತಿ ಬಿಗಡಾಯಿಸಿತು, ಕೆಲವರು ಸತ್ತರು. ಗುಟ್ಟಿನ ಮದ್ದು ಬೇರೇನೂ ಅಲ್ಲ, ಗ್ಲಿಸರಿನ್‌ನಲ್ಲಿ ತೆಗೆದ ಕ್ಷಯ ರೋಗಾಣುವಿನ ಸಾರ.

ಆದರೆ ಮನುಷ್ಯರಲ್ಲಿ ಸೋತ ಆ ದ್ರವ ಕೊಟ್ಟಿಗೆಯಲ್ಲಿ ಗೆದ್ದಿತು. ಕ್ಷಯದ ಸೋಂಕಿರುವ ಹಸುವಿಗೆ ಅದನ್ನು ಕೊಟ್ಟರೆ ಜ್ವರ ಏರುತ್ತಿತ್ತು, ಸೋಂಕಿಲ್ಲದ್ದಕ್ಕೆ ಏನೂ ಆಗುತ್ತಿರಲಿಲ್ಲ. ಮೈ ಕೈ ತುಂಬಿಕೊಂಡು ಬಿಂದಿಗೆ ಹಾಲು ಕೊಡುವ ಹಸುವಿನೊಳಗೆ ಅಡಗಿರುವ ರೋಗವೂ ಪತ್ತೆಯಾಗುತ್ತಿತ್ತು. ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ 1892ರಿಂದ ಇದನ್ನೇ ಹಿಡಿದು ಹಿಂಡುಗಳನ್ನು ಎರಡು ಭಾಗ ಮಾಡಿದ. ಸೋಂಕಿದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಸೋಂಕಿರುವ ಹಸುವಿನ ಕರುವನ್ನು ಹುಟ್ಟಿದ ಕೂಡಲೇ ಬೇರೆ ಮಾಡಿ, ಕಾಯಿಸಿದ ಹಾಲು ಕುಡಿಸಿ ಬೆಳೆಸಿದ. ಅಂಥ ಕರುಗಳಲ್ಲಿ ಬಹುಪಾಲು ಆರೋಗ್ಯವಾಗಿದ್ದವು. ಇಡೀ ಹಿಂಡನ್ನು ಕಡಿಯದೆ, ಒಂದು ತಲೆಮಾರಿನಲ್ಲಿ ರೋಗವನ್ನು ಹೊರಹಾಕುವ ದಾರಿ ಅದು.

ಇಂದಿಗೂ ಹಸುವಿನ ಕ್ಷಯ ಪರೀಕ್ಷೆ ಎಂದರೆ ಅದರದೇ ಸುಧಾರಿತ ರೂಪ. ಕುತ್ತಿಗೆಯ ಚರ್ಮದಲ್ಲಿ ಎರಡು ಕಡೆ ಚುಚ್ಚುತ್ತಾರೆ, ಒಂದು ಹಸುವಿನ ಕ್ಷಯದ ಸಾರ, ಇನ್ನೊಂದು ಹಕ್ಕಿ ಕ್ಷಯದ್ದು. 72 ಗಂಟೆಗಳ ನಂತರ ಚರ್ಮದ ದಪ್ಪ ಅಳೆಯುತ್ತಾರೆ. ಮೊದಲನೆಯ ಊತ ಎರಡನೆಯದಕ್ಕಿಂತ 4 ಮಿಲಿಮೀಟರಿಗೂ ಹೆಚ್ಚಿದ್ದರೆ ಕ್ಷಯದ ಸೋಂಕು ಎಂದು ಲೆಕ್ಕ. ಎರಡೇಕೆಂದರೆ, ಈ ರೋಗಾಣುವಿಗೆ ನೆಂಟರು ಬಹಳ. ಕರುಳು ದಪ್ಪಗಾಗಿ ನಿಲ್ಲದ ಭೇದಿಯಾಗುವ ಜೋನ್ಸ್ ಕಾಯಿಲೆಯ ರೋಗಾಣುವೂ ಅದೇ ಬಳಗದ್ದು. ಯಾರ ಸೋಂಕು ಎಂದು ಬೇರೆ ಮಾಡಿ ನೋಡಬೇಕಲ್ಲ.

1893ರಲ್ಲಿ ಕಾಕ್ ಎಮ್ಮಿಯಿಂದ ವಿಚ್ಛೇದನ ಪಡೆದು ತನಗಿಂತ ಬಹಳ ಕಿರಿಯಳಾದ ಹೆಡ್ವಿಗ್ ಫ್ರೈಬರ್ಗ್‌ಳನ್ನು ಮದುವೆಯಾದ. ಆಮೇಲಿನ ಬದುಕೆಲ್ಲ ಅಲೆದಾಟ. 1896ರ ಕೊನೆಗೆ ದಕ್ಷಿಣ ಆಫ್ರಿಕಾಕ್ಕೆ ಹೋದ. ನಮ್ಮ ಹಿರಿಯರು ದೊಡ್ಡ ರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಅಲ್ಲಿ ದನಗಳನ್ನೂ ಕಾಡೆಮ್ಮೆಗಳನ್ನೂ ಗುಡಿಸಿ ಹಾಕುತ್ತಿತ್ತು. ಕಿಂಬರ್ಲಿಯಲ್ಲಿ ಕೂತು, ರೋಗದಿಂದ ಸತ್ತ ದನದ ಪಿತ್ತರಸವನ್ನು ಚುಚ್ಚಿ ಉಳಿದವನ್ನು ಕಾಪಾಡುವ ವಿಧಾನ ರೂಪಿಸಿದ. ಅಲ್ಲಿಂದ 1897ರಲ್ಲಿ ನೇರ ಮುಂಬೈಗೆ. ಆಗ ಮುಂಬೈಯಲ್ಲಿ ಪ್ಲೇಗ್.

ಅದೇ ವರ್ಷ ಆತ ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೂ ಹೋದ. ಅಲ್ಲಿದ್ದದ್ದು ಜಾನುವಾರು ರೋಗಗಳ ಸಂಶೋಧನೆಗೆಂದೇ ಸರ್ಕಾರ ಕಟ್ಟಿದ್ದ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿ. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ ಅದು. ಅದು ಮೊದಲು ಶುರುವಾದದ್ದು 1889ರಲ್ಲಿ, ನಾನಿರುವ ಈ ಪುಣೆಯಲ್ಲಿ. ಬೆಟ್ಟಕ್ಕೆ ಹೋದದ್ದು 1893ರಲ್ಲಿ. ಹತ್ತು ವರ್ಷದಿಂದ ಈ ಊರಿನಲ್ಲಿದ್ದೂ ನನಗದು ಗೊತ್ತಿರಲಿಲ್ಲ.

ಇನ್ನು ಆ ತಪ್ಪಿನ ಕಥೆ. 1898ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್, ಮನುಷ್ಯರ ಕ್ಷಯಾಣು ಮತ್ತು ದನದ ಕ್ಷಯಾಣು ಒಂದೇ ಅಲ್ಲ, ಹತ್ತಿರದ ನೆಂಟರು ಎಂದು ತೋರಿಸಿದ. ಕಾಕ್ ಕೂಡ ಪಶುವೈದ್ಯ ಶುಟ್ಜ್ ಜೊತೆ ಸೇರಿ ಕರುಗಳ ಮೇಲೆ ಪ್ರಯೋಗ ಮಾಡಿದ. ಮನುಷ್ಯರ ಕ್ಷಯಾಣು ಕೊಟ್ಟ ಕರುಗಳು ಆರೋಗ್ಯವಾಗಿದ್ದವು, ದನದ ಕ್ಷಯಾಣು ಕೊಟ್ಟವು ಕಾಯಿಲೆ ಬಿದ್ದವು. ಅಲ್ಲಿಯವರೆಗೆ ಎಲ್ಲ ಸರಿ. 1901ರ ಜುಲೈಯಲ್ಲಿ ಲಂಡನ್ನಿನ ಕ್ಷಯರೋಗ ಸಮ್ಮೇಳನದಲ್ಲಿ ಆತ ಇನ್ನೊಂದು ಹೆಜ್ಜೆ ಮುಂದೆ ಹೋದ. ಹಸುವಿನ ಕ್ಷಯ ಮನುಷ್ಯರಿಗೆ ಅಂಟುವುದು ಅತ್ಯಂತ ವಿರಳ, ಆದ್ದರಿಂದ ಹಾಲಿನ ವಿಷಯದಲ್ಲಿ ವಿಶೇಷ ಕ್ರಮ ಬೇಕಿಲ್ಲ ಎಂದು ಸಾರಿದ.

ತಪ್ಪು ಎಲ್ಲಾಯಿತು ನೋಡಿ. ಮನುಷ್ಯನಿಂದ ಹಸುವಿಗೆ ಎಂಬ ದಿಕ್ಕನ್ನು ಮಾತ್ರ ಪರೀಕ್ಷಿಸಿದ್ದ. ಹಸುವಿನಿಂದ ಮನುಷ್ಯನಿಗೆ ಎಂಬ ದಿಕ್ಕನ್ನು ಪರೀಕ್ಷಿಸಲು ಸಾಧ್ಯವಿರಲಿಲ್ಲ. ಮಗುವಿಗೆ ರೋಗಾಣು ಚುಚ್ಚಲಾದೀತೇ? ಆ ಖಾಲಿ ಜಾಗವನ್ನು ಆತ ಊಹೆಯಿಂದ ತುಂಬಿದ. ಹಾಲಿನಿಂದ ಬರುವುದಾದರೆ ಮಕ್ಕಳ ಕರುಳಿನಲ್ಲಿ ಕ್ಷಯ ಹೆಚ್ಚಾಗಿ ಶುರುವಾಗಬೇಕಿತ್ತು, ಶವ ಪರೀಕ್ಷೆಗಳಲ್ಲಿ ಅದು ಅಪರೂಪ ಎಂಬುದು ಆತನ ವಾದ. ಆದರೆ ಹಾಲಿನಿಂದ ಬಂದ ಕ್ಷಯ ಕುತ್ತಿಗೆಯ ಗ್ರಂಥಿಗಳಲ್ಲಿ ಗಂಡಮಾಲೆಯಾಗಿ, ಮೂಳೆ ಕೀಲುಗಳಲ್ಲಿ ಕೀವಾಗಿಯೂ ತಲೆಯೆತ್ತುತ್ತದೆ. ಸಭೆಯಲ್ಲಿ ಜೋಸೆಫ್ ಲಿಸ್ಟರ್‌ನಂಥ ಹಿರಿಯನೇ ಆಗಲೇ ಆಕ್ಷೇಪ ಎತ್ತಿದ. ಆದರೆ ಹೇಳಿದವನು ಕಾಕ್. ರೋಗಾಣುವನ್ನೇ ಕಂಡುಹಿಡಿದವನ ಮಾತಿಗೆ ಎದುರಾಡುವುದು ಸುಲಭವೇ? ಹಾಲನ್ನು ಕಾಯಿಸುವ, ಹಿಂಡನ್ನು ಪರೀಕ್ಷಿಸುವ ಖರ್ಚು ಬೇಡವೆನಿಸಿದ್ದವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕಿರಲಿಲ್ಲ.

ಬ್ರಿಟನ್ ಅದೇ ವರ್ಷ ಒಂದು ರಾಯಲ್ ಆಯೋಗ ನೇಮಿಸಿತು. ಆಯೋಗ ಅನುಸರಿಸಿದ್ದು ಕಾಕ್ ಹಾಕಿಕೊಟ್ಟ ದಾರಿಯನ್ನೇ. ಕ್ಷಯದಿಂದ ನರಳಿದವರ ಗ್ರಂಥಿ, ಕರುಳುಗಳಿಂದ ರೋಗಾಣು ತೆಗೆದು, ಬೆಳೆಸಿ, ಪ್ರಾಣಿಗಳಿಗೆ ಕೊಟ್ಟು ಅದು ಯಾವ ಬಗೆಯದು ಎಂದು ಒಂದೊಂದಾಗಿ ಗುರುತಿಸಿತು. ಹತ್ತು ವರ್ಷಗಳ ದುಡಿಮೆ. 1911ರ ಅಂತಿಮ ವರದಿ ಸ್ಪಷ್ಟವಾಗಿತ್ತು: ದನದ ಕ್ಷಯ ಮನುಷ್ಯರಿಗೆ ಅಂಟುತ್ತದೆ, ಮುಖ್ಯವಾಗಿ ಮಕ್ಕಳಿಗೆ, ಮುಖ್ಯವಾಗಿ ಹಾಲಿನ ಮೂಲಕ.

ಅದನ್ನು ಓದಲು ಕಾಕ್ ಇರಲಿಲ್ಲ. 1905ರಲ್ಲಿ ನೊಬೆಲ್ ಬಂತು. 1908ರ ವಾಷಿಂಗ್ಟನ್ ಸಮ್ಮೇಳನದಲ್ಲಿಯೂ ಆತ ಹೆಚ್ಚುಕಡಿಮೆ ತನ್ನ ಪಟ್ಟಿಗೇ ಅಂಟಿಕೊಂಡಿದ್ದ. 1910ರ ಮೇ 27ರಂದು, 66ನೇ ವಯಸ್ಸಿನಲ್ಲಿ ಬಾಡೆನ್ ಬಾಡೆನ್‌ನಲ್ಲಿ ತೀರಿಕೊಂಡ. ಆತನ ಚಿತಾಭಸ್ಮ ಬರ್ಲಿನ್‌ನ ಆತನ ಸಂಸ್ಥೆಯಲ್ಲೇ ಇದೆ. ನ್ಯಾಯವಾಗಿ ಹೇಳಬೇಕೆಂದರೆ, ದೊಡ್ಡವರ ಶ್ವಾಸಕೋಶದ ಕ್ಷಯ ಹೆಚ್ಚಾಗಿ ಹರಡುವುದು ಕೆಮ್ಮುವ ಮನುಷ್ಯನಿಂದ, ಹೋರಾಟದ ಮುಖ್ಯ ಕಣ ಅದು ಎಂಬ ಆತನ ಮಾತು ಸರಿಯೇ ಆಗಿತ್ತು. ಆದರೆ ಮುಖ್ಯವಾದದ್ದು ಒಂದಿದೆ ಎಂದರೆ ಉಳಿದದ್ದು ಇಲ್ಲ ಎಂದಲ್ಲ.

ಮುಂದಿನದು ಇನ್ನೂ ವಿಚಿತ್ರ. ಫ್ರಾನ್ಸಿನ ಕಾಲ್ಮೆಟ್ ಮತ್ತು ಪಶುವೈದ್ಯ ಗೆರಾನ್, ಕಾಯಿಲೆ ಬಿದ್ದ ಹಸುವಿನಿಂದ ತೆಗೆದ ಕ್ಷಯಾಣುವನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ 1908ರಿಂದ ಹದಿಮೂರು ವರ್ಷ, 230 ಸಲ ಮರುನಾಟಿ ಮಾಡಿ ಅದರ ಹಲ್ಲು ಕಿತ್ತರು. ಅದೇ ಬಿಸಿಜಿ. ಮಗಳ ಎಡತೋಳಿನ ಆ ಪುಟ್ಟ ಗುರುತು ಹಸುವಿನ ಕ್ಷಯಾಣು ಬಿಟ್ಟುಹೋದದ್ದು ಎಂದು ತಿಳಿದ ರಾತ್ರಿ, ಅವಳು ಮಲಗಿದ್ದಾಗ ಹೋಗಿ ಒಮ್ಮೆ ಅದನ್ನು ಮುಟ್ಟಿ ಬಂದೆ.

ಹಿಂಡುಗಳನ್ನು ಪರೀಕ್ಷಿಸಿ ಸೋಂಕಿನ ದನಗಳನ್ನು ಕಡಿದ ದೇಶಗಳಲ್ಲಿ ರೋಗ ಬಹಳ ಇಳಿಯಿತು. ಹಾಗೆಂದು ಎಲ್ಲ ಕಡೆ ಹೋಗಲಿಲ್ಲ, ಕಾಡಿಗೆ ಹೊಕ್ಕಿತು. 1971ರಲ್ಲಿ ಇಂಗ್ಲೆಂಡಿನ ಬ್ಯಾಜರ್‌ಗಳಲ್ಲಿ ಕಂಡಿತು. ನ್ಯೂಜಿಲೆಂಡಿನಲ್ಲಿ ಪಾಸಮ್ ಎಂಬ ಪ್ರಾಣಿ ಅದನ್ನು ದನಗಳಿಗೆ ಮರಳಿಸುತ್ತಿದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಅರಣ್ಯದಲ್ಲಿ ದನಗಳಿಂದ ಕಾಡೆಮ್ಮೆಗೆ, ಕಾಡೆಮ್ಮೆಯಿಂದ ಸಿಂಹಕ್ಕೆ ದಾಟಿತು. ನಮ್ಮ ದಕ್ಷಿಣದಲ್ಲಿ ಸಾಕಿದ ಆನೆಗಳಿಗೆ ಮನುಷ್ಯರ ಕ್ಷಯವೇ ಅಂಟಿದ್ದಿದೆ. ಕಾಕ್ ಎಳೆದ ಗೆರೆಯನ್ನು ರೋಗಾಣು ಎರಡೂ ದಿಕ್ಕಿನಲ್ಲಿ ದಾಟುತ್ತಿದೆ.

ನಮ್ಮಲ್ಲಿ ಎಷ್ಟರಮಟ್ಟಿಗೆ? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ 940 ಕ್ಷಯ ಮಾದರಿಗಳ ವಂಶವಾಹಿ ಪರೀಕ್ಷಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬಹುಪಾಲು ಮನುಷ್ಯರ ಬಗೆಯೇ. ಎಲ್ಲರೂ ಹುಡುಕುತ್ತಿದ್ದ ದನದ ಬಗೆ, ಬಿಸಿಜಿಯದ್ದನ್ನು ಬಿಟ್ಟರೆ, ಸಿಗಲೇ ಇಲ್ಲ. ಬದಲಿಗೆ ಒರಿಗಿಸ್ ಎಂಬ ಇನ್ನೊಂದು ನೆಂಟ ಏಳು ಮಾದರಿಗಳಲ್ಲಿ ಸಿಕ್ಕಿತು. ಅದೂ ದನಗಳಲ್ಲಿ ಇರುವಂಥದ್ದೇ. ಸಂಖ್ಯೆ ಚಿಕ್ಕದು. ಆದರೆ ಹುಡುಕಿದ ಜಾಗದಲ್ಲಿ, ಹುಡುಕಿದ ಹೆಸರಿನಲ್ಲಿ ಸಿಗಲಿಲ್ಲವೆಂದು ಇಲ್ಲವೆನ್ನಬಾರದು ಎಂಬ ಪಾಠ ಮತ್ತೆ ಸಿಕ್ಕಿತು.

ಈಗ ಗೌರಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಜರ್ಸಿ ಮಿಶ್ರತಳಿ ಹಸು ಒಣಗುತ್ತ ಬಂತು. ಮೇವು ತಿನ್ನುತ್ತಿತ್ತು, ಮೈ ಹತ್ತುತ್ತಿರಲಿಲ್ಲ. ಬೆಳಗಿನ ಜಾವ ಕೆಮ್ಮು. ಪಶುವೈದ್ಯರು ಬಂದು ಕುತ್ತಿಗೆಗೆ ಚುಚ್ಚಿ, ಮೂರನೇ ದಿನ ಬಂದು ಅಳತೆ ನೋಡಿ, ಕ್ಷಯ ಎಂದರು. ಕಡಿಯುವ ಮಾತು ನಮ್ಮ ಮನೆಯಲ್ಲಿ ಏಳುವ ಹಾಗಿರಲಿಲ್ಲ. ಸಂತೆಗೆ ಹೊಡೆದುಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ಅಕ್ಕಪಕ್ಕದವರು ಹೇಳಿದರು. ಆ ವರ್ಷ ಕೊಬ್ಬರಿ ರೇಟು ಬಿದ್ದಿತ್ತು, ನನ್ನ ಹಾಸ್ಟೆಲ್ ಫೀಸು ಕಟ್ಟಬೇಕಿತ್ತು. ಅಪ್ಪ ಮಾರಲಿಲ್ಲ. ತೋಟದ ಮೂಲೆಯಲ್ಲಿ ಗರಿ ಹೊದಿಸಿ ಬೇರೆ ಕೊಟ್ಟಿಗೆ ಹಾಕಿದರು. ಡೇರಿಗೆ ಅವಳ ಹಾಲು ಹಾಕುವುದನ್ನು ನಿಲ್ಲಿಸಿದರು. ಕರುವನ್ನು ಬಿಡಿಸಿ, ಬೇರೆ ಹಸುವಿನ ಹಾಲು ಕಾಯಿಸಿ ಆರಿಸಿ ಕುಡಿಸಿದರು. ಎಂಟು ತಿಂಗಳಿಗೆ ಗೌರಿ ಸತ್ತಳು. ಕರು ಬೆಳೆದು ಐದು ಸೂಲು ಹಾಕಿತು. ಬಾಂಗ್‌ನ ಹೆಸರನ್ನು ಅಪ್ಪ ಕೇಳಿರಲಿಲ್ಲ.

ಆಗ ನನಗೆ ಅದು ಅಪ್ಪನ ಹಠ ಎನಿಸಿತ್ತು. ಗೌರಿಯನ್ನು ಸಂತೆಗೆ ಹೊಡೆದಿದ್ದರೆ ಅವಳು ಇನ್ಯಾರದೋ ಕೊಟ್ಟಿಗೆಗೆ, ಅವಳ ಹಾಲು ಇನ್ಯಾರದೋ ಮಗುವಿನ ಲೋಟಕ್ಕೆ ಹೋಗುತ್ತಿತ್ತು ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಹಾಲಿನಲ್ಲಿರುವ ಕ್ಷಯಾಣು ಸಾಯಲು 63 ಡಿಗ್ರಿಯಲ್ಲಿ ಅರ್ಧ ಗಂಟೆ, ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು. ಪ್ಯಾಕೆಟ್ ಹಾಲನ್ನು ಪಾಶ್ಚರೀಕರಿಸುವ ಲೆಕ್ಕ ಅದು. ಅಮ್ಮನ ಮೂರು ಉಕ್ಕು ಅದಕ್ಕಿಂತ ಎಷ್ಟೋ ಮೇಲೆ. ದನದ ಬಗೆಯ ಕ್ಷಯ ಅಂಟಿದರೆ, ಸಾಮಾನ್ಯವಾಗಿ ಕೊಡುವ ನಾಲ್ಕು ಮಾತ್ರೆಗಳಲ್ಲಿ ಒಂದಾದ ಪೈರಜಿನಮೈಡ್ ಅದರ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಇಷ್ಟು ತಿಳಿದ ಮೇಲೆ ಗುಂಪಿನಲ್ಲಿ ಒಂದೇ ಪ್ರಶ್ನೆ ಹಾಕಿದೆ: ಈ ಫಾರಂನ ಹಸುಗಳಿಗೆ ಟ್ಯುಬರ್ಕ್ಯುಲಿನ್ ಪರೀಕ್ಷೆ ಆಗಿದೆಯೇ? ಮೂರು ಜನ ಹೆಬ್ಬೆರಳೆತ್ತಿದರು. ಉತ್ತರ ಇನ್ನೂ ಬಂದಿಲ್ಲ.

ಅಮ್ಮ ಊರಿಗೆ ಹೋಗಿದ್ದಾಳೆ. ಬಾಟಲಿ ಈಗಲೂ ಬರುತ್ತದೆ, ರುಚಿ ಚೆನ್ನಾಗಿದೆ ಎಂದು ನಿಲ್ಲಿಸಿಲ್ಲ. ಬೆಳಿಗ್ಗೆ ಆರೂವರೆಗೆ ಪಾತ್ರೆಗೆ ಸುರಿದು ಒಲೆ ಹಚ್ಚುವ ಕೆಲಸ ನನ್ನದು. ಮೂರನೇ ಉಕ್ಕು ಬರುವವರೆಗೆ ಅಲ್ಲೇ ನಿಂತಿರುತ್ತೇನೆ.